ಕೆಂಪು ಕಂಡರೆ ಎಡಕ್ಕೆ, ಹಸಿರು ಕಂಡರೆ ಬಲಕ್ಕೆ

ಬೆಳಗಾವಿಯಿಂದ ಬಾಗಲಕೋಟೆ ಕಡೆ ಹೊರಟರೆ ದಾರಿಯಲ್ಲಿ ಸಾಂಬ್ರಾ ಸಿಗುತ್ತದೆ. ಬ್ರಿಟಿಷ್ ವಾಯುಪಡೆ 1942ರಲ್ಲಿ ಕಟ್ಟಿದ ವಿಮಾನ ನಿಲ್ದಾಣ ಇಲ್ಲಿದೆ. ರಾತ್ರಿ ಇಲ್ಲಿ ಇಳಿಯಲು ಬರುವ ವಿಮಾನ ನೇರ ನಮ್ಮ ಕಡೆಗೇ ಬರುತ್ತಿದ್ದರೆ, ಅದರ ದೀಪ ಎಷ್ಟೋ ಹೊತ್ತು ಅಲುಗಾಡುವುದೇ ಇಲ್ಲ. ಶುಕ್ರಗ್ರಹ ಅಂತ ತಿಳಿಯುವವರೂ ಇದ್ದಾರೆ.

ಅಷ್ಟು ಬೆಳಕು ದಾರಿ ನೋಡುವುದಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆದರೆ 10 ಕಿಲೋಮೀಟರ್ ಎತ್ತರದಲ್ಲಿ ಬೆಳಕು ಬಿದ್ದು ಕಾಣಲು ಏನಿದೆ? ಅಲ್ಲಿ ವಿಮಾನ ಸೆಕೆಂಡಿಗೆ 220 ಮೀಟರ್‌ಗಿಂತ ಜಾಸ್ತಿ ಸಾಗುತ್ತಿರುತ್ತದೆ. ಹೆಡ್‌ಲೈಟ್‌ನಿಂದ ಏನೂ ಉಪಯೋಗವಿಲ್ಲ. ವಿಮಾನದ ಹೊರಗಿನ ದೀಪಗಳಲ್ಲಿ ಹೆಚ್ಚಿನವು ಇರುವುದು ಬೇರೆಯವರಿಗೆ ಕಾಣಿಸಿಕೊಳ್ಳಲಿ ಅಂತ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಲೈಟಿಲ್ಲದ ಟ್ರೇಲರ್‌ಗೆ ಬೈಕ್ ಗುದ್ದಿ ಜನ ಸಾಯುತ್ತಾರೆ. ಟ್ರ್ಯಾಕ್ಟರ್ ಓಡಿಸುವವನಿಗೆ ರಸ್ತೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅವನು ಹಿಂದಿನವರಿಗೆ ಕಾಣುವುದಿಲ್ಲ, ಅಷ್ಟೇ.

ವಿಮಾನದ ದೀಪಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನು ಎತ್ತ ಹೊರಟಿದ್ದೇನೆ ಅಂತಲೂ ಹೇಳುತ್ತವೆ. ಎಡ ರೆಕ್ಕೆಯ ತುದಿಯಲ್ಲಿ ಕೆಂಪು, ಬಲ ರೆಕ್ಕೆಯ ತುದಿಯಲ್ಲಿ ಹಸಿರು, ಹಿಂದೆ ಬಾಲದ ಕಡೆ ಬಿಳಿ. ಇವು ನ್ಯಾವಿಗೇಷನ್ ಲೈಟ್‌ಗಳು. ಹಡಗುಗಳಿಂದ ಬಂದ ಪದ್ಧತಿ ಇದು. ಕೆಂಪು ಮತ್ತು ಹಸಿರು ಮೂಗಿನ ನೇರದಿಂದ ತಮ್ಮ ತಮ್ಮ ಬದಿಗೆ 110 ಡಿಗ್ರಿಯಷ್ಟು ಕಾಣುತ್ತವೆ. ಉಳಿದ 140 ಡಿಗ್ರಿ ಬಿಳಿಯ ಪಾಲು.

ಈಗ ಲೆಕ್ಕ ಹಾಕಿ. ದೂರದಲ್ಲಿ ಕೆಂಪು ದೀಪ ಮಾತ್ರ ಕಂಡರೆ ವಿಮಾನದ ಎಡಮಗ್ಗುಲು ನಮ್ಮ ಕಡೆಗಿದೆ, ಅಂದರೆ ಅದು ನಮ್ಮ ಎಡಕ್ಕೆ ಹೋಗುತ್ತಿದೆ. ಹಸಿರಾದರೆ ಬಲಕ್ಕೆ. ಎರಡೂ ಒಟ್ಟಿಗೆ ಕಂಡರೆ ನಮ್ಮತ್ತಲೇ ಬರುತ್ತಿದೆ. ಸಾಂಬ್ರಾದ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿದೆ. ಅದರ ದಕ್ಷಿಣಕ್ಕೆ ನಿಂತು ಉತ್ತರಕ್ಕೆ ನೋಡುವವರಿಗೆ ಕೆಂಪು ಕಂಡರೆ ವಿಮಾನ ಬೆಳಗಾವಿ ಊರಿನ ಕಡೆ ಮುಖ ಮಾಡಿದೆ ಅಂತ ಅರ್ಥ.

ಪೈಲಟ್‌ಗೆ ಇದೇ ಬಣ್ಣ ಒಂದು ಆಜ್ಞೆ ಕೂಡ ಹೌದು. ಎರಡು ವಿಮಾನಗಳ ದಾರಿ ಅಡ್ಡ ಬಂದಾಗ, ಯಾರ ಬಲಕ್ಕೆ ಇನ್ನೊಂದು ವಿಮಾನ ಇದೆಯೋ ಅವರು ದಾರಿ ಬಿಡಬೇಕು. ಬಲದಿಂದ ಅಡ್ಡ ಬರುವ ವಿಮಾನದ ಎಡಮಗ್ಗುಲು, ಅಂದರೆ ಕೆಂಪು ದೀಪ, ಅವರಿಗೆ ಕಾಣುತ್ತದೆ. ಆ ಇನ್ನೊಬ್ಬರಿಗೆ ಇವರ ಹಸಿರು ಕಾಣುತ್ತದೆ. ಒಂದು ಮಾತೂ ಆಡದೆ ಯಾರು ದಾರಿ ಬಿಡಬೇಕು, ಯಾರು ಹೋಗಬೇಕು ಅಂತ ತೀರ್ಮಾನವಾಗಿಬಿಡುತ್ತದೆ. ನನಗೆ ಇದರಷ್ಟು ಅಚ್ಚುಕಟ್ಟಾದ ನಿಯಮ ಬೇರೆ ಕಂಡಿಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಪೈಲಟ್‌ಗಳಿಗೆ ಕಲಿಸುತ್ತಾರೆ: ಗಾಜಿನಲ್ಲಿ ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತಾ ಹೋಗುವ ದೀಪವೇ ಅಪಾಯದ್ದು. ಪಕ್ಕಕ್ಕೆ ಸರಿಯುವ ದೀಪ ಸಾಮಾನ್ಯವಾಗಿ ದಾಟಿ ಹೋಗುತ್ತದೆ.

ಬೆನ್ನು ಮತ್ತು ಹೊಟ್ಟೆಯ ಮೇಲೆ ಮಿನುಗುವ ಕೆಂಪು ದೀಪ ಬೀಕನ್. ಎಂಜಿನ್ ಚಾಲೂ ಮಾಡುವ ಮೊದಲೇ ಅದನ್ನು ಹಾಕುತ್ತಾರೆ. ಅದು ನೆಲದ ಮೇಲೆ ಕೆಲಸ ಮಾಡುವವರಿಗಾಗಿ. ಎಟಿಆರ್‌ನಂಥ ವಿಮಾನದ ತಿರುಗುವ ಪ್ರೊಪೆಲ್ಲರ್ ಕತ್ತಲಲ್ಲಿ ಕಣ್ಣಿಗೇ ಬೀಳುವುದಿಲ್ಲ, ನೋಡಿ. ರೆಕ್ಕೆತುದಿಯಲ್ಲಿ ಫಳ್ ಅಂತ ಮಿಂಚುವ ಬಿಳಿ ಸ್ಟ್ರೋಬ್‌ಗಳನ್ನು ರನ್‌ವೇಗೆ ಕಾಲಿಡುವಾಗ ಹಾಕುತ್ತಾರೆ. ಮಳೆಗಾಲದ ದಟ್ಟ ಮೋಡದೊಳಗೆ ಆ ಮಿಂಚು ವಾಪಸ್ ಪೈಲಟ್ ಕಣ್ಣಿಗೇ ಹೊಡೆಯುತ್ತದೆ. ಆಗ ಆರಿಸಲು ಅನುಮತಿ ಇದೆ.

ಲ್ಯಾಂಡಿಂಗ್ ಲೈಟ್ ಮಾತ್ರ ಸ್ವಲ್ಪ ಮಟ್ಟಿಗೆ ನೋಡಲು ಬೇಕು. ಆದರೂ 10,000 ಅಡಿಗಿಂತ ಕೆಳಗೆ ಹಗಲಲ್ಲೂ ಅದನ್ನು ಉರಿಸುವುದು ರೂಢಿ, ಇತರ ವಿಮಾನಗಳಿಗೆ ಕಾಣಲಿ ಅಂತ.

ಮೋಡದ ಮುಂದೆ ಯಾವ ದೀಪದ ಆಟವೂ ನಡೆಯುವುದಿಲ್ಲ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಅದಾದ ಮೇಲೆ ಭಾರತದಲ್ಲಿ ಪ್ರಯಾಣಿಕರ ವಿಮಾನಗಳಿಗೆ ಟಿಕ್ಯಾಸ್ ಎಂಬ ಯಂತ್ರ ಕಡ್ಡಾಯವಾಯಿತು. ಅದು ಹತ್ತಿರದ ವಿಮಾನದ ಜೊತೆ ರೇಡಿಯೋದಲ್ಲಿ ಸಂಪರ್ಕ ಮಾಡಿ, ಒಬ್ಬರಿಗೆ ಏರು, ಇನ್ನೊಬ್ಬರಿಗೆ ಇಳಿ ಎನ್ನುತ್ತದೆ. ಆದರೆ ಸಾಂಬ್ರಾದಲ್ಲಿ ಕಲಿಯುವ ಹುಡುಗ ಹುಡುಗಿಯರು ಹಾರಿಸುವಂಥ ಸಣ್ಣ ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಟಿಕ್ಯಾಸ್ ಇರುವುದಿಲ್ಲ. ಕಮರ್ಷಿಯಲ್ ಲೈಸೆನ್ಸ್‌ಗೆ ಅವರು ರಾತ್ರಿಯೂ ಹಾರಬೇಕು. ಅವರು ಇವತ್ತಿಗೂ ಕೆಂಪು-ಹಸಿರು ನೋಡಿಯೇ ದಾರಿ ಬಿಡುವುದನ್ನು ಕಲಿಯುತ್ತಾರೆ.