ಓಡುವಾಗ ಬೀಳದ ಸೈಕಲ್ ನಿಂತಾಗ ಬೀಳುವುದೇಕೆ?

ಬೂಟು ಕಚ್ಚಿಕೊಳ್ಳುವ ಕ್ಲಿಪ್‌ಲೆಸ್ ಪೆಡಲಿಗೆ ಹೊಸಬರು ಎಲ್ಲಿ ಬೀಳುತ್ತಾರೆ? ಗುಡ್ಡೆಯ ಇಳಿಜಾರಿನಲ್ಲಲ್ಲ. ಬೇಕಲದ ಕಡಲ ಗಾಳಿಗೂ ಅಲ್ಲ. ಬದಿಯಡ್ಕ ಪೇಟೆಯಲ್ಲಿ ಮುಂದಿನ ಬಸ್ಸು ನಿಂತಾಗ ತಾವೂ ನಿಲ್ಲುತ್ತಾರೆ. ಆಮೇಲೆ ಹತ್ತು ಜನ ನೋಡುತ್ತಿರುವಂತೆಯೇ ನಿಧಾನಕ್ಕೆ ಒಂದು ಬದಿಗೆ ಮಗುಚುತ್ತಾರೆ. "ಕಾಲು ಕಟ್ಟಿಕೊಂಡು ಸೈಕಲ್ ಬಿಟ್ಟರೆ ಇನ್ನೇನಾಗ್ತದೆ ಮಾರಾಯಾ?" ಎಂದು ಅಂಗಡಿ ಜಗಲಿಯಿಂದ ತೀರ್ಪು ಬರುತ್ತದೆ. ದೃಷ್ಟಿ ತಾಗಿದೆ ಎಂದು ಹ್ಯಾಂಡಲಿಗೆ ಕಪ್ಪು ದಾರ ಕಟ್ಟುವವರೂ ಇದ್ದಾರೆ. ಕಟ್ಟಲಿ. ಪೆಡಲಿನ ಸ್ಪ್ರಿಂಗ್ ಸ್ಕ್ರೂವನ್ನೂ ಸ್ವಲ್ಪ ಸಡಿಲಿಸಲಿ.

ಕಾಲನ್ನು ಯಾರೂ ಕಟ್ಟಿರುವುದಿಲ್ಲ. ಬೂಟಿನ ಅಡಿಯಲ್ಲಿ ಕ್ಲೀಟ್ ಎಂಬ ಸಣ್ಣ ತುಂಡು, ಪೆಡಲಿನಲ್ಲಿ ಸ್ಪ್ರಿಂಗ್ ಇರುವ ದವಡೆ, ಇಷ್ಟೇ. ಕ್ಲೀಟಿನ ಮೂತಿಯನ್ನು ಮುಂದೆ ಸಿಕ್ಕಿಸಿ ಒತ್ತಿದರೆ ಟಕ್ ಎಂದು ಕೂರುತ್ತದೆ. ಮೇಲಕ್ಕೆ ಎಳೆದರೆ ಬಿಡುವುದಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಕ್ಲೀಟಿನ ಅಂಚು ದವಡೆಯನ್ನು ಅಗಲಿಸಿ ತಾನೇ ಕಳಚಿಕೊಳ್ಳುತ್ತದೆ.

ಈ ಬುದ್ಧಿ ಬಂದದ್ದು ಹಿಮದಿಂದ. 1970ರ ದಶಕದಲ್ಲಿ ಇಟಲಿಯ ಚಿನೆಲ್ಲಿ ಕಂಪನಿಯ ಪೆಡಲೊಂದಿತ್ತು. ಅದರಿಂದ ಬೂಟು ಬಿಡಿಸಲು ಬಗ್ಗಿ ಕೈಯಿಂದ ಒಂದು ಸಣ್ಣ ಸನ್ನೆಕೋಲು ಒತ್ತಬೇಕಿತ್ತು. ಅದಕ್ಕೆ ಸಾವಿನ ಪೆಡಲ್ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ನೆ ಅಲ್ಲ. ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಬೂಟು ಹಿಡಿಯುವ ಸಾಧನ ಮಾಡುತ್ತಿತ್ತು. ಜಾರುವವನು ಬಿದ್ದರೆ ಕಾಲು ಮುರಿಯುವ ಮೊದಲೇ ಅದು ಬಿಟ್ಟುಕೊಡಬೇಕು. ಅದೇ ಕಂಪನಿ 1984ರಲ್ಲಿ ಪೆಡಲ್ ತಂದಿತು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ! 1985ರಲ್ಲಿ ಫ್ರಾನ್ಸಿನ ಸವಾರ ಬರ್ನಾರ್ ಇನೊ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ ಗೆದ್ದರು. ಅಂದರೆ ಇದು ಕಾಲು ಬಿಡಲೆಂದೇ ಹುಟ್ಟಿದ ಯಂತ್ರ.

ಹಾಗಾದರೆ ಬೀಳುವುದೇಕೆ? ಓಡುವ ಸೈಕಲ್ ಬೀಳದಿರುವುದು ಚಕ್ರ ಬುಗುರಿಯಂತೆ ತಿರುಗುವುದರಿಂದ ಎಂದು ಶಾಲೆಯಲ್ಲಿ ಕೇಳಿದ್ದೇವೆ, ಅಲ್ವಾ? ಅದು ಅರ್ಧ ಸತ್ಯವೂ ಅಲ್ಲ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಸೈಕಲಿಗೆ ಉಲ್ಟಾ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಬುಗುರಿಯ ಪರಿಣಾಮವನ್ನೇ ಅಳಿಸಿದರು. ಆದರೂ ಹ್ಯಾಂಡಲ್ ಹಿಡಿದು ಸವಾರಿ ಮಾಡಲು ಹೆಚ್ಚೇನೂ ತೊಂದರೆಯಾಗಲಿಲ್ಲ. ನಿಜವಾದ ಕೆಲಸ ಹ್ಯಾಂಡಲಿನದು. ಅಂಗೈ ಮೇಲೆ ಕೋಲು ನಿಲ್ಲಿಸುವ ಮಕ್ಕಳನ್ನು ನೋಡಿ. ಕೋಲು ಯಾವ ಕಡೆ ವಾಲಿತೋ ಅಂಗೈ ಆ ಕಡೆಗೆ ಓಡುತ್ತದೆ. ಸೈಕಲ್ ಎಡಕ್ಕೆ ವಾಲಿದರೆ ನಾವು ಗೊತ್ತಿಲ್ಲದೆಯೇ ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇವೆ. ಚಕ್ರಗಳು ಓಡಿಬಂದು ನಮ್ಮ ಭಾರದ ಅಡಿಗೆ ಸೇರುತ್ತವೆ. ಇದು ಪ್ರತಿ ಕ್ಷಣ ನಡೆಯುತ್ತಲೇ ಇರುತ್ತದೆ. ಚಕ್ರಗಳು ಹೀಗೆ ಬದಿಗೆ ಬರಬೇಕಾದರೆ ಮೊದಲು ಮುಂದಕ್ಕೆ ಉರುಳುತ್ತಿರಬೇಕು. ವೇಗ ಸೊನ್ನೆಯಾದರೆ ಹ್ಯಾಂಡಲ್ ತಿರುಗಿಸಿಯೂ ಹೆಚ್ಚು ಪ್ರಯೋಜನವಿಲ್ಲ.

ಆಗ ಎಷ್ಟು ಸಮಯ ಸಿಗುತ್ತದೆ? ನಮ್ಮ ಭಾರದ ಕೇಂದ್ರ ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುತ್ತದೆ. ಎರಡು ಡಿಗ್ರಿ ವಾಲಿದ್ದು 45 ಡಿಗ್ರಿಯಾಗಲು ಒಂದೂಕಾಲು, ಒಂದೂವರೆ ಸೆಕೆಂಡು ಸಾಕು. ಗಾಬರಿಯಲ್ಲಿ ಕಾಲು ಮಾಡುವುದು ಹಳೇ ಅಭ್ಯಾಸವನ್ನೇ: ಮೇಲಕ್ಕೆತ್ತುವುದು. ಪೆಡಲ್ ಬಿಡುವುದಿಲ್ಲ. ಇನ್ನೂ ಜೋರಾಗಿ ಎತ್ತುತ್ತೇವೆ. ತಿರುಗಿಸಬೇಕು ಎಂದು ನೆನಪಾಗುವಾಗ ಮೊಣಕೈ ನೆಲ ಮುಟ್ಟಿರುತ್ತದೆ.

ಆದ್ದರಿಂದ ಕಲಿಯಬೇಕಾದ್ದು ತಲೆಯಲ್ಲ, ಕಾಲು. ಅಂಗಳದ ಗೋಡೆ ಹಿಡಿದು ಕುಳಿತು ಸಿಕ್ಕಿಸುವುದು, ಬಿಡಿಸುವುದು, ಬೇಸರ ಬರುವವರೆಗೆ. ಸ್ಪ್ರಿಂಗ್ ಸ್ಕ್ರೂ ಆದಷ್ಟು ಸಡಿಲವಿರಲಿ. ಅನೇಕ ಪೆಡಲುಗಳಿಗೆ ಅಲೆನ್ ಕೀ ಎಂಬ ಆರು ಮೂಲೆಯ 3 ಮಿ.ಮೀ. ಕೀಲಿ ಸಾಕು. ಆಮೇಲೆ ಹುಲ್ಲಿನ ಮೈದಾನ. ನಿಂತ ಮೇಲೆ ಬಿಡಿಸುವುದಲ್ಲ, ಇನ್ನೂ ಉರುಳುತ್ತಿರುವಾಗಲೇ ಬಿಡಿಸುವುದು.

ಇಲ್ಲೊಂದು ಸ್ವಾರಸ್ಯವಿದೆ. ಎಡಗಾಲು ಬಿಡಿಸಿಕೊಂಡವರೂ ಎಷ್ಟೋ ಸಲ ಬಲಕ್ಕೆ ಬೀಳುತ್ತಾರೆ! ಕಾಲೂರಲು ಎಡಕ್ಕೆ ನೋಡುತ್ತಾರೆ, ಜೊತೆಗೆ ಹ್ಯಾಂಡಲೂ ಎಡಕ್ಕೆ ತಿರುಗುತ್ತದೆ. ಚಕ್ರ ಎಡಕ್ಕೆ ಹೋದರೆ ಮೈ ಬಲಕ್ಕೆ ವಾಲುತ್ತದೆ. ಬಲಗಾಲು ಇನ್ನೂ ಪೆಡಲಿನಲ್ಲೇ ಇದೆ. ಅದಕ್ಕೆ ಕೊನೆಯ ಮಾರಿನಲ್ಲಿ ಹ್ಯಾಂಡಲನ್ನು ತುಸು ಬಲಕ್ಕೆ ತಿರುಗಿಸಿ. ಮೈ ತಾನಾಗಿ ಎಡಗಾಲಿನತ್ತ ಬರುತ್ತದೆ. ಆದರೆ ಎಡಗಡೆ ಡಾಮರು ಎಲ್ಲಿ ಮುಗಿಯುತ್ತದೆ ಎಂದು ನೋಡಿಕೊಳ್ಳಿ. ನಮ್ಮ ಒಳರಸ್ತೆಗಳ ಅಂಚಿನಲ್ಲಿ ಗೇಣು ಆಳದ ಗುಂಡಿ ಇರುತ್ತದೆ. ಕಾಲಿಗೆ ನೆಲವೇ ಸಿಗುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ? ಪೆಡಲನ್ನು ಮೇಲಕ್ಕೂ ಎಳೆಯಬಹುದು, ಶಕ್ತಿ ದುಪ್ಪಟ್ಟು ಎನ್ನುವವರಿದ್ದಾರೆ. ನಂಬಬೇಡಿ. ಬೇಕೆಂದೇ ಮೇಲಕ್ಕೆಳೆದು ತುಳಿದವರು ಅಷ್ಟೇ ಕೆಲಸಕ್ಕೆ ಜಾಸ್ತಿ ಶಕ್ತಿ ಖರ್ಚು ಮಾಡಿದರು ಎಂದು 2007ರ ಒಂದು ಅಧ್ಯಯನ ಕಂಡುಕೊಂಡಿದೆ. ಲಾಭವಿರುವುದು ಬೇರೆ ಕಡೆ. ಹೊಂಡ ಹಾರಿದರೂ, ಆಟಿಯ ಮಳೆಯಲ್ಲಿ ಪೆಡಲ್ ನೆನೆದರೂ, ಕಾಲು ಜಾರುವುದಿಲ್ಲ. ಆದರೆ ಮಳೆಗಾಲದಲ್ಲಿ ಇಳಿದು ನಡೆದರೆ ಕೆಂಪು ಮಣ್ಣು ಕ್ಲೀಟಿನ ಸಂದಿಗೆ ಮೆತ್ತಿಕೊಂಡು ಟಕ್ ಎನ್ನುವ ಸದ್ದೇ ಬರುವುದಿಲ್ಲ. ಹತ್ತುವ ಮೊದಲು ಒಂದು ಕಡ್ಡಿಯಿಂದ ಕೆರೆದು ತೆಗೆಯಿರಿ.