ಮೆಲ್ಲಗೆ ಹಾಡೋದು ಸುಲಭ ಅಂದವರು ಯಾರು?

ನನ್ನ ಹತ್ತಿರ ಪಾಶ್ಚಾತ್ಯ ಹಾಡು ಕಲಿಯಲು ಬರುವವರಲ್ಲಿ ತುಂಬ ಜನ ಒಂದೇ ಮಾತು ಹೇಳುತ್ತಾರೆ. "ಮೇಡಂ, ಇದು ಸ್ಲೋ ಸಾಂಗು, ಹೈ ಪಿಚ್ ಇಲ್ಲ. ಮೊದಲು ಇದನ್ನೇ ಕಲಿಸಿ." ಮೊಬೈಲಿನಲ್ಲಿ ತೋರಿಸುವುದು ಅಮೆರಿಕದ ಗಾಯಕಿ ರಾಬರ್ಟಾ ಫ್ಲ್ಯಾಕ್ ಹಾಡಿದ 'ದ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್'. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಈ ಕೋರಿಕೆ ಇನ್ನೂ ಜಾಸ್ತಿಯಾಗಿದೆ. ಅವರನ್ನು ಹೊಸಬರು ಕೇಳುತ್ತಿದ್ದಾರಲ್ಲ ಅಂತ ಖುಷಿ. ಆದರೆ ಸುಲಭ ಅಂದಾಗ ಮಾತ್ರ ಸಿಟ್ಟು ಬರುತ್ತದೆ.

ಆ ಹಾಡು ಐದು ನಿಮಿಷಕ್ಕಿಂತ ಉದ್ದ. ಪಿಯಾನೊ, ಗಿಟಾರ್, ಡಬಲ್ ಬಾಸ್ ಎಲ್ಲವೂ ತಗ್ಗಿದ ದನಿಯಲ್ಲೇ ಇವೆ. ಸಾಲು ಸಾಲಿನ ನಡುವೆ ಅಷ್ಟೊಂದು ಬಿಡುವು. ದನಿ ಒಂಚೂರು ಅಲುಗಿದರೂ ಕೇಳಿಸಿಬಿಡುತ್ತದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದು. ಮೆಲ್ಲಗೆ ಹಾಡಿ ಅಂದರೆ ಹೆಚ್ಚಿನವರು ಪಿಸುಗುಡುತ್ತಾರೆ. ಪಿಸುಗುಟ್ಟಿದಾಗ ಗಂಟಲಿನ ಧ್ವನಿತಂತುಗಳು ಪೂರ್ತಿ ಕೂಡುವುದಿಲ್ಲ. ಸಂದಿಯಲ್ಲಿ ಗಾಳಿ ಸೋರುತ್ತದೆ. ಅರ್ಧ ಸಾಲಿಗೇ ಉಸಿರು ಖಾಲಿ. ಆಮೇಲೆ ಕತ್ತು ಬಿಗಿಯಾಗುತ್ತದೆ, ಸ್ವರ ಇಳಿಯುತ್ತದೆ. ಫ್ಲ್ಯಾಕ್ ದನಿ ಕೇಳಿ. ಸಣ್ಣ ದನಿಯೇ, ಆದರೆ ನನ್ನ ಕಿವಿಗೆ ಅದರಲ್ಲಿ ಸೋರಿಕೆ ಕಾಣುವುದಿಲ್ಲ. ತಂತುಗಳು ನೀಟಾಗಿ ಕೂಡಬೇಕು, ಕೆಳಗಿನಿಂದ ಬರುವ ಗಾಳಿಯ ಒತ್ತಡ ಮಾತ್ರ ಕಡಿಮೆ ಇರಬೇಕು. ಅದಕ್ಕೆ, ಉಸಿರು ತುಂಬಿಕೊಂಡ ಮೇಲೆ ಪಕ್ಕೆಲುಬುಗಳು ದಿಢೀರನೆ ಕುಸಿಯಬಾರದು. ಮತ್ತೆ ಹೇಳುತ್ತೇನೆ: ದನಿ ತಗ್ಗಿಸುವುದು ಬೇರೆ, ಹಿಡಿತ ಬಿಡುವುದು ಬೇರೆ. ವಿಲಂಬಿತ್ ಖ್ಯಾಲ್, ಅಂದರೆ ನಿಧಾನಗತಿಯ ಹಿಂದೂಸ್ತಾನಿ ಗಾಯನ, ಕಲಿತ ಧಾರವಾಡದ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರ ಗಂಟಲೂ ಒಂದೇ ಥರ ಇರುವುದಿಲ್ಲ. ಇದನ್ನು ಓದಿಕೊಂಡು ಒಬ್ಬರೇ ಗಂಟೆಗಟ್ಟಲೆ ಪ್ರಯೋಗ ಮಾಡಬೇಡಿ. ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಆಮೇಲೆ ನನ್ನ ಹತ್ತಿರ ಬನ್ನಿ.

ಒಬ್ಬ ಹುಡುಗ ಬರುತ್ತಿದ್ದ, ಐಟಿ ಕಂಪನಿಯವನು. ಕಾಲೇಜಿನಲ್ಲಿ ರಾಕ್ ಹಾಡಿದವನು, ಮೇಲಿನ ಸ್ವರ ಸಲೀಸಾಗಿ ಮುಟ್ಟುತ್ತಿದ್ದ. ಈ ಹಾಡಿನ ಎರಡನೇ ಸಾಲಿಗೇ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಪ್ರತಿ ಸಲ "ಸ್ವಲ್ಪ ಫಾಸ್ಟ್ ಮಾಡೋಣ್ವಾ ಮೇಡಂ?" ಅನ್ನುತ್ತಿದ್ದ. ಕೊನೆಗೆ ಅವನಿಗೆ ಹಾಲಿವುಡ್ ನಟ, ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ಕಥೆ ಹೇಳಿದೆ. ಹಾಡು 1969ರ 'ಫಸ್ಟ್ ಟೇಕ್' ಆಲ್ಬಂನದು. ಆಗ ದೊಡ್ಡ ಸದ್ದು ಮಾಡಲಿಲ್ಲ. 1971ರ 'ಪ್ಲೇ ಮಿಸ್ಟಿ ಫಾರ್ ಮಿ' ಸಿನಿಮಾಕ್ಕೆ ಈಸ್ಟ್‌ವುಡ್ ಅದನ್ನು ಕೇಳಿದಾಗ ಫ್ಲ್ಯಾಕ್, ಇದು ತೀರಾ ನಿಧಾನ ಆಯ್ತು, ಇನ್ನೊಂದು ಸಲ ಹಾಡಿಕೊಡುತ್ತೇನೆ ಅಂದರಂತೆ. ಈಸ್ಟ್‌ವುಡ್ ಬೇಡವೇ ಬೇಡ ಅಂದರು. 1972ರಲ್ಲಿ ಅದೇ ನಿಧಾನದ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಹುಡುಗ ನಕ್ಕ. ಫಾಸ್ಟ್ ಮಾಡೋಣ ಅನ್ನುವುದನ್ನು ಅವತ್ತಿಗೆ ಬಿಟ್ಟ.

ಫ್ಲ್ಯಾಕ್ ಕೂಡ ಟೀಚರ್ ಆಗಿದ್ದವರು. ಅದಕ್ಕೇ ಅವರ ಮೇಲೆ ನನಗೆ ಪ್ರೀತಿ ಜಾಸ್ತಿ ಇರಬಹುದು. 15ನೇ ವಯಸ್ಸಿಗೇ ಸ್ಕಾಲರ್‌ಶಿಪ್ ಪಡೆದು ಹೋವರ್ಡ್ ಯೂನಿವರ್ಸಿಟಿ ಸೇರಿದರು. ಮುಂದೆ ವಾಷಿಂಗ್ಟನ್ನಿನಲ್ಲಿ ಶಾಲೆಯ ಮಕ್ಕಳಿಗೆ ಪಾಠ ಮಾಡುತ್ತಾ, ರಾತ್ರಿ ಕ್ಲಬ್ಬಿನಲ್ಲಿ ಪಿಯಾನೊ ನುಡಿಸಿ ಹಾಡುತ್ತಿದ್ದರು.

ಹೋವರ್ಡ್‌ನಲ್ಲಿ ಮಾಡಿದ ಆ ಸಂಗೀತದ ಓದು 'ಕಿಲ್ಲಿಂಗ್ ಮಿ ಸಾಫ್ಟ್ಲಿ ವಿತ್ ಹಿಸ್ ಸಾಂಗ್'ನಲ್ಲಿ ಕೇಳಿಸುತ್ತದೆ. ಲೋರಿ ಲೀಬರ್‌ಮನ್ ಹಾಡಿದ್ದ ಈ ಹಾಡನ್ನು ಅವರು ಮೊದಲು ಕೇಳಿದ್ದು ವಿಮಾನದಲ್ಲಿ. ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಅಲ್ಲಲ್ಲಿ ಬದಲಿಸಿ, ಬೇಸರದ ಛಾಯೆಯ ಮೈನರ್‌ನಲ್ಲಿ ಸಾಗುವ ಹಾಡನ್ನು ಕಟ್ಟಕಡೆಗೆ ಬೆಳಕಿನ ಛಾಯೆಯ ಮೇಜರ್ ಕಾರ್ಡಿಗೆ ತಂದು ನಿಲ್ಲಿಸಿದರು. ಮೂಲದಲ್ಲಿ ಅದು ಹಾಗಿರಲಿಲ್ಲ. 1973ರಲ್ಲಿ ಇದೂ ಮೊದಲ ಸ್ಥಾನಕ್ಕೇರಿತು. 1996ರ ಫ್ಯೂಜೀಸ್ ತಂಡದ ಹಾಡಿಕೆಯನ್ನಷ್ಟೇ ಕೇಳಿದವರು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಇದರ ಕೊನೆ ಕೇಳಿ.

ಕ್ಲಾಸಿಗೆ ಕರೋಕೆ ಟ್ರ್ಯಾಕ್ ತರಬೇಡಿ. ಮೊದಲ ಸಾಲನ್ನು ಮಾತಾಡುವಷ್ಟೇ ದನಿಯಲ್ಲಿ, ಪಿಸುಗುಡದೆ, ಒಂದೇ ಉಸಿರಿನಲ್ಲಿ ಹಾಡಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಗಾಳಿ ಎಲ್ಲಿ ಸೋರುತ್ತಿದೆ ಅಂತ ಕೂತು ಕೇಳೋಣ.