ಎರಡು ಗರ್ನಾಲುಗಳ ನಡುವೆ ಹಡಗು

1986ರ ಜೂನ್ ತಿಂಗಳು. ನಾನಾಗ ಒಂದು ಹಳೆಯ ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಮೊಂಬಾಸಾದಿಂದ ಕೊಲಂಬೊಗೆ ಹೊರಟಿದ್ದೆವು. ರಾತ್ರಿ 12ರಿಂದ 4ರವರೆಗಿನ ವಾಚ್ ನನ್ನದು. ಮಳೆಗಾಲದ ಮೋಡ ಕವಿದು ಎರಡು ದಿನವಾಗಿತ್ತು. ಹಗಲು ಸೂರ್ಯ ಇಲ್ಲ, ಸಂಜೆ ನಕ್ಷತ್ರ ಇಲ್ಲ. ಅವುಗಳ ಎತ್ತರ ಅಳೆದು ಜಾಗ ತಿಳಿಯುವ ಸೆಕ್ಸ್‌ಟೆಂಟ್ ಪೆಟ್ಟಿಗೆಯಿಂದ ಹೊರಗೆ ಬಂದೇ ಇರಲಿಲ್ಲ. ಲಕ್ಷದ್ವೀಪದ ಮಿನಿಕಾಯ್ ದ್ವೀಪದ ದೀಪಸ್ತಂಭದ ದೀಪ 2 ಗಂಟೆ ಹೊತ್ತಿಗೆ ಎಡಗಡೆ ಕಾಣಬೇಕು ಎಂದು ಲೆಕ್ಕ ಹಾಕಿ ಇಟ್ಟಿದ್ದೆ. ಅದು 1 ಗಂಟೆ 20 ನಿಮಿಷಕ್ಕೇ ಕಂಡಿತು.

ನಮ್ಮ ವೇಗ 13 ನಾಟ್, ಅಂದರೆ ಗಂಟೆಗೆ 13 ನಾಟಿಕಲ್ ಮೈಲು. ನಲವತ್ತು ನಿಮಿಷ ಎಂದರೆ ಸುಮಾರು 9 ನಾಟಿಕಲ್ ಮೈಲು. ನಾನು ಚಾರ್ಟಿನಲ್ಲಿ, ಅಂದರೆ ಸಮುದ್ರದ ನಕ್ಷೆಯಲ್ಲಿ, ಗುರುತಿಸಿದ್ದಕ್ಕಿಂತ ಹಡಗು ಅಷ್ಟು ದೂರ ಮುಂದೆ ಇತ್ತು. ದ್ವೀಪ ಪಕ್ಕದಲ್ಲಿತ್ತು, ಹಾಗಾಗಿ ಏನೂ ಆಗಲಿಲ್ಲ. ಅದು ಎದುರಿಗೆ ಇದ್ದಿದ್ದರೆ?

ಕ್ಯಾಪ್ಟನ್ ಕುಂದಾಪುರ ಕಡೆಯವರು. ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಬಂದು ದೀಪ ನೋಡಿದರು, ಚಾರ್ಟ್ ನೋಡಿದರು. "ಲೇನ್ ಎಣಿಸಿದ್ದು ಯಾರು ಮಾರಾಯಾ?" ಎಂದರು. "ನಾನೇ ಸರ್" ಎಂದೆ. ಬೇರೆ ಮಾತು ಬೇಕಾಗಲಿಲ್ಲ.

ಆ ಲೇನ್ ಅಂದರೇನು ಎಂದು ಹೇಳಬೇಕು. ಅದಕ್ಕೆ ಮೊದಲು ನಮ್ಮ ಊರಿನ ಜಾತ್ರೆಗೆ ಹೋಗಿ ಬರೋಣ.

ಕರಾವಳಿಯಲ್ಲಿ ಜಾತ್ರೆ, ಕೋಲ ಎಂದರೆ ಗರ್ನಾಲು ಎಂಬ ದೊಡ್ಡ ಸದ್ದಿನ ಸಿಡಿಮದ್ದು ಹೊಡೆಯುತ್ತಾರೆ. ಬಯಲಿನ ಎರಡು ತುದಿಯಲ್ಲಿ ಇಬ್ಬರು ನಿಂತು ಒಂದೇ ಕ್ಷಣಕ್ಕೆ ಗರ್ನಾಲು ಹೊಡೆದರು ಅಂದುಕೊಳ್ಳಿ. ನೀವು ನಡುವೆ ಎಲ್ಲೋ ಕತ್ತಲಲ್ಲಿ ಇದ್ದೀರಿ. ಎರಡೂ ಸದ್ದು ಒಟ್ಟಿಗೆ ಕೇಳಿದರೆ ಇಬ್ಬರಿಂದಲೂ ಸಮ ದೂರದಲ್ಲಿದ್ದೀರಿ. ಬಲಗಡೆಯದು 3 ಸೆಕೆಂಡ್ ಮೊದಲು ಕೇಳಿತೇ? ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾದರೆ ಎಡಗಡೆಯವನಿಗಿಂತ ಬಲಗಡೆಯವನಿಗೆ ನೀವು ಒಂದು ಕಿಲೋಮೀಟರಿನಷ್ಟು ಹತ್ತಿರ. ಗರ್ನಾಲು ಎಷ್ಟು ಗಂಟೆಗೆ ಹೊಡೆದರು ಎಂದು ನಿಮಗೆ ಗೊತ್ತಿರಬೇಕಿಲ್ಲ. ಕೈಗಡಿಯಾರ ತಪ್ಪಿದ್ದರೂ ಅಡ್ಡಿಯಿಲ್ಲ. ವ್ಯತ್ಯಾಸ ಒಂದು ಸಿಕ್ಕಿದರೆ ಸಾಕು.

ಅದೇ ವ್ಯತ್ಯಾಸ ಕೇಳಿಸುವ ಜಾಗಗಳನ್ನೆಲ್ಲ ಸೇರಿಸಿದರೆ ಒಂದು ಬಾಗಿದ ಗೆರೆ ಬರುತ್ತದೆ. ಪಿಯುಸಿ ಗಣಿತದಲ್ಲಿ ಅತಿಪರವಲಯ ಅಂತ ಓದಿದ್ದೆವು, ಅಲ್ವಾ? ಅದೇ ಇದು. ನೀವು ಆ ಗೆರೆಯ ಮೇಲೆ ಎಲ್ಲೋ ಇದ್ದೀರಿ. ಇನ್ನೊಂದು ಜೋಡಿ ಗರ್ನಾಲು ಕೇಳಿಸಿಕೊಂಡರೆ ಇನ್ನೊಂದು ಗೆರೆ. ಎರಡೂ ಕೂಡುವ ಕಡೆ ನೀವು. ಗರ್ನಾಲಿನ ಜಾಗದಲ್ಲಿ ರೇಡಿಯೊ ಕೇಂದ್ರ ಇಡಿ, ಸದ್ದಿನ ಜಾಗದಲ್ಲಿ ಅಲೆ. ಜಿಪಿಎಸ್ ಬರುವ ಮೊದಲು ಲೋರಾನ್, ಡೆಕ್ಕಾ, ಒಮೆಗಾ ಮೂರೂ ಈ ಲೆಕ್ಕದ ಮೇಲೆಯೇ ನಡೆದವು. ಆ ಬಾಗಿದ ಗೆರೆಗಳನ್ನು ಮೊದಲೇ ಅಚ್ಚು ಹಾಕಿದ ಚಾರ್ಟ್‌ಗಳು ನಮ್ಮ ಮೇಜಿನ ಮೇಲೆ ಇರುತ್ತಿದ್ದವು.

ಲೋರಾನ್ ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. 1940ರಲ್ಲಿ ಅಮೆರಿಕದ ಆಲ್ಫ್ರೆಡ್ ಲೂಮಿಸ್ ಈ ಯೋಚನೆ ಮುಂದಿಟ್ಟರು. ಎಂಐಟಿಯ ರೇಡಿಯೇಷನ್ ಲ್ಯಾಬ್ ಅದನ್ನು ಕಟ್ಟಿತು. ಅತ್ತ ಬ್ರಿಟನ್ನಿನಲ್ಲಿ ರಾಬರ್ಟ್ ಡಿಪ್ಪಿ ಬಾಂಬರ್ ವಿಮಾನಗಳಿಗಾಗಿ ಇದೇ ಬಗೆಯ 'ಜೀ' ಮಾಡಿದ್ದರು. ನಾವು ಬಳಸಿದ್ದು ಮುಂದೆ ಬಂದ ಲೋರಾನ್-ಸಿ. ಅದು 100 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತಿತ್ತು. ಒಂದು ಮೈಕ್ರೊಸೆಕೆಂಡಿನಲ್ಲಿ ರೇಡಿಯೊ ಅಲೆ 300 ಮೀಟರ್ ಓಡುತ್ತದೆ. ಅಳತೆ ತಪ್ಪಿದರೆ ಏನಾಗುತ್ತದೆ ಎಂದು ಅದರಲ್ಲೇ ಗೊತ್ತಾಗುತ್ತದೆ.

ಲೋರಾನ್-ಸಿಯಲ್ಲಿ ನನಗೆ ಬಹಳ ಇಷ್ಟವಾದ ಜಾಣತನ ಒಂದಿದೆ. ಒಂದೇ ಕೇಂದ್ರದ ಅಲೆ ಎರಡು ದಾರಿಯಲ್ಲಿ ಹಡಗಿಗೆ ಬರುತ್ತದೆ. ಒಂದು ಸಮುದ್ರದ ಮೈಗೆ ಅಂಟಿಕೊಂಡು ಬರುತ್ತದೆ. ಇನ್ನೊಂದು ಮೇಲಿನ ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲ್ಗಡೆಯ ವಿದ್ಯುತ್ ಕಣಗಳ ಪದರಕ್ಕೆ, ತಾಗಿ, ಮರಳಿ ಕೆಳಗೆ ಬರುತ್ತದೆ. ಮೇಲಿನ ದಾರಿ ಉದ್ದ, ನಂಬಿಕೆಗೂ ಯೋಗ್ಯವಲ್ಲ. ಹಾಗಾಗಿ ರಿಸೀವರ್ ಇಡೀ ಮಿಡಿತಕ್ಕೆ ಕಾಯುವುದಿಲ್ಲ. ಮೊದಲ 30 ಮೈಕ್ರೊಸೆಕೆಂಡಿನಲ್ಲೇ, ಮೂರನೇ ಅಲೆಯ ಹತ್ತಿರ, ಅಳತೆ ಹಿಡಿದುಬಿಡುತ್ತದೆ. ಮೇಲಿನಿಂದ ಬರುವ ಅಲೆ ಅಷ್ಟರೊಳಗೆ ತಲುಪಿರುವುದಿಲ್ಲ. ಇದರಿಂದ ಕಾಲು ಮೈಲಿಯೊಳಗೆ ಜಾಗ ಸಿಗುತ್ತಿತ್ತು. ಅದೇ ಜಾಗಕ್ಕೆ ಮತ್ತೆ ಬರಬೇಕೆಂದರೆ ಇನ್ನೂ ನಿಖರ. ಅಮೆರಿಕದ ಮೀನುಗಾರರು ಮೀನು ಸಿಕ್ಕ ಜಾಗದ, ಬಲೆ ಸಿಕ್ಕಿಹಾಕಿಕೊಳ್ಳುವ ಮುಳುಗಿದ ಹಡಗುಗಳ ಲೋರಾನ್ ನಂಬರುಗಳನ್ನು ನೋಟ್‌ಬುಕ್‌ನಲ್ಲಿ ಬರೆದು ಜೋಪಾನ ಮಾಡುತ್ತಿದ್ದರು. ಅಕ್ಷಾಂಶ ರೇಖಾಂಶ ಅವರಿಗೆ ಬೇಕಿರಲಿಲ್ಲ.

ಡೆಕ್ಕಾ ದಡದ ಹತ್ತಿರದ ನೀರಿಗೆ ಆಗುವಂಥದ್ದು. 1944ರ ಜೂನ್‌ನಲ್ಲಿ ನಾರ್ಮಂಡಿ ದಾಳಿಯ ಮೊದಲು ನೀರಿನಲ್ಲಿ ಹುದುಗಿಸಿದ ಸ್ಫೋಟಕ (ಮೈನ್) ತೆಗೆಯುವ ಹಡಗುಗಳು ಅದನ್ನು ಬಳಸಿದವು. ಕೆಂಪು, ಹಸಿರು, ನೇರಳೆ ಎಂದು ಮೂರು ಗಡಿಯಾರ ಮುಖಗಳು, ಚಾರ್ಟಿನಲ್ಲೂ ಅದೇ ಬಣ್ಣದ ಗೆರೆಗಳು. ಉತ್ತರ ಸಮುದ್ರದಲ್ಲಿ ಹಗಲು ಹೊತ್ತು ಅದಕ್ಕಿಂತ ಒಳ್ಳೆಯ ಜೊತೆಗಾರ ಇರಲಿಲ್ಲ. ರಾತ್ರಿ ಅದರ ಮಾತು ಕಡಿಮೆ ನಂಬುತ್ತಿದ್ದೆವು.

ನಾನು ತಪ್ಪು ಮಾಡಿದ್ದು ಒಮೆಗಾದಲ್ಲಿ.

ಇಡೀ ಭೂಮಿಗೆ ಒಮೆಗಾದ ಕೇಂದ್ರಗಳು ಎಂಟೇ ಎಂಟು: ನಾರ್ವೆ, ಲೈಬೀರಿಯಾ, ಹವಾಯಿ, ಅಮೆರಿಕದ ನಾರ್ತ್ ಡಕೋಟಾ, ರಿಯೂನಿಯನ್ ದ್ವೀಪ, ಅರ್ಜೆಂಟೀನಾ, ಆಸ್ಟ್ರೇಲಿಯಾ, ಜಪಾನಿನ ತ್ಸುಶಿಮಾ. ಮುಖ್ಯ ಅಲೆ 10.2 ಕಿಲೋಹರ್ಟ್ಸ್. ಇಷ್ಟು ನಿಧಾನ ಏರಿಳಿಯುವ ಅಲೆ ನೆಲಕ್ಕೂ ಅಯಾನುಗೋಳಕ್ಕೂ ನಡುವೆ, ಕೊಳವೆಯಲ್ಲಿ ನೀರು ಹೋದ ಹಾಗೆ, ಸಾವಿರಾರು ಮೈಲು ಹೋಗುತ್ತದೆ. ಆದರೆ ಅದನ್ನು ಕಳಿಸಲು ಆಂಟೆನಾ ಭಾರಿ ದೊಡ್ಡದಿರಬೇಕು. ಲೈಬೀರಿಯಾದ ಗೋಪುರ 400 ಮೀಟರ್ ದಾಟಿತ್ತು. ಹವಾಯಿಯಲ್ಲಿ ಹೈಕು ಕಣಿವೆಯ ಈ ಗುಡ್ಡದಿಂದ ಆ ಗುಡ್ಡಕ್ಕೆ ತಂತಿ ಎಳೆದಿದ್ದರು. ನಾರ್ವೆಯಲ್ಲಿ ಫ್ಯೋರ್ಡ್ ಮೇಲೆ, ಅಂದರೆ ಗುಡ್ಡಗಳ ನಡುವೆ ಒಳನುಗ್ಗಿದ ಕಡಲ ಮೇಲೆ. ಹಿಂದೂ ಮಹಾಸಾಗರದ ನಡುವೆ, ಬೇರೆ ಯಾವುದೂ ಕೇಳದ ಕಡೆ, ನಮಗೆ ದಾರಿ ಹೇಳುತ್ತಿದ್ದದ್ದು ಇವೇ.

ಒಮೆಗಾದಲ್ಲಿ ಮಿಡಿತ ಇಲ್ಲ. ಎರಡು ಕೇಂದ್ರಗಳ ಅಲೆಯ ಏರಿಳಿತ ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಇದೆ ಎಂದು ಮಾತ್ರ ನೋಡಬೇಕು. ಗಂಟೆ ಮುಳ್ಳು ಬಿದ್ದುಹೋದ ಗಡಿಯಾರ ಇದ್ದ ಹಾಗೆ. ನಿಮಿಷ ಸರಿಯಾಗಿ ಹೇಳುತ್ತದೆ. ಎಷ್ಟನೇ ಗಂಟೆ ಎಂದು ನಾವೇ ಎಣಿಸಿಕೊಂಡು ಬರಬೇಕು. ಆ ಒಂದೊಂದು ಸುತ್ತೇ ಒಂದು ಲೇನ್. ಎರಡು ಕೇಂದ್ರಗಳ ನಡುವಿನ ನೇರ ಗೆರೆಯ ಮೇಲೆ ಅದರ ಅಗಲ 8 ಮೈಲು. ಪಕ್ಕಕ್ಕೆ ಸರಿದಷ್ಟೂ ಅಗಲ ಜಾಸ್ತಿ. ಬಂದರು ಬಿಡುವಾಗ ಲೇನ್ ನಂಬರ್ ಹಾಕಿಡುತ್ತಿದ್ದೆವು. ಆಮೇಲೆ ಪ್ರತಿ ವಾಚ್‌ನಲ್ಲಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಕಾಗದದ ಸುರುಳಿಯ ಮೇಲೆ ಪೆನ್ನು ಎಳೆದ ಗೆರೆ ನೋಡಿ ತಾಳೆ ಹಾಕಬೇಕು. ಜೆಟ್ ವಿಮಾನ 480 ನಾಟ್ ವೇಗದಲ್ಲಿ ನಿಮಿಷಕ್ಕೆ ಒಂದು ಲೇನ್ ದಾಟುತ್ತದೆ. ಅಲ್ಲಿ ಎಣಿಸುವ ಕೆಲಸ ಕಂಪ್ಯೂಟರಿನದು.

ಇದರ ಮೇಲೆ ಹಗಲು ರಾತ್ರಿಯ ಕಾಟ ಬೇರೆ. ಹಗಲು ಆ ಮೇಲಿನ ಛಾವಣಿ ಸುಮಾರು 70 ಕಿಲೋಮೀಟರ್ ಎತ್ತರದಲ್ಲಿ, ರಾತ್ರಿ 90ರ ಹತ್ತಿರ. ಛಾವಣಿ ಏರಿದರೆ ಅಲೆಯ ವೇಗ ಬದಲಾಗುತ್ತದೆ. ಅದಕ್ಕೆ ದಿನ, ಗಂಟೆ, ಜಾಗ ನೋಡಿ ತಿದ್ದುವ ಪಟ್ಟಿಗಳ ದಪ್ಪ ಪುಸ್ತಕಗಳಿದ್ದವು. ಎಲ್ಲ ಸರಿ ಮಾಡಿದರೂ 2ರಿಂದ 4 ಮೈಲು ವ್ಯತ್ಯಾಸ ಇದ್ದೇ ಇತ್ತು. ನಡುಸಮುದ್ರದಲ್ಲಿ ಅಷ್ಟು ಸಾಕು.

ಆ ಪ್ರಯಾಣದಲ್ಲಿ ನಮ್ಮ ರಿಸೀವರ್ ಒಂದು ಹಗಲು ಒಂದು ರಾತ್ರಿ ಕೆಟ್ಟು ನಿಂತಿತ್ತು. ರೇಡಿಯೊ ಆಫೀಸರ್ ರಿಪೇರಿ ಮಾಡಿಕೊಟ್ಟರು. ಎಣಿಕೆ ತಪ್ಪಿಹೋಗಿತ್ತು. ಮತ್ತೆ ಲೇನ್ ನಂಬರ್ ಹಾಕಬೇಕು. ವೇಗ, ದಿಕ್ಕು, ಕಳೆದ ಹೊತ್ತು ನೋಡಿ ಅಂದಾಜಿನ ಜಾಗ ತೆಗೆದೆ. ಅದರ ಪ್ರಕಾರ ನಂಬರ್ ಹಾಕಿದೆ. ನಿಯಮ ಏನೆಂದರೆ ಆ ಅಂದಾಜು ಅರ್ಧ ಲೇನ್‌ಗಿಂತ ಹೆಚ್ಚು ತಪ್ಪಿರಬಾರದು. ಮಳೆಗಾಲದ ಪ್ರವಾಹ ಅಷ್ಟರಲ್ಲಿ ನಮ್ಮನ್ನು ಪೂರ್ವಕ್ಕೆ ಐದಾರು ಮೈಲು ತಳ್ಳಿತ್ತು. ಅರ್ಧ ಲೇನ್ ದಾಟಿದ್ದರಿಂದ ನಾನು ಹಿಂದಿನ ಲೇನ್ ಹಾಕಿದ್ದೆ. ಯಂತ್ರ ಅದನ್ನೇ ನಂಬಿ, ದೀಪ ಕಾಣುವವರೆಗೆ ಶಿಸ್ತಿನಿಂದ ತಪ್ಪು ಜಾಗ ತೋರಿಸುತ್ತಿತ್ತು. ಆ ಜೋಡಿ ಕೇಂದ್ರಗಳಿಗೆ ಅಲ್ಲಿ ಲೇನ್ ಅಗಲ ಸುಮಾರು 9 ಮೈಲು. ದೀಪ ನಲವತ್ತು ನಿಮಿಷ ಮೊದಲು ಕಂಡದ್ದು ಅದಕ್ಕೇ. 1885ರಲ್ಲಿ ಕಟ್ಟಿದ ದೀಪಸ್ತಂಭ ನನ್ನ ಲೆಕ್ಕ ತಿದ್ದಿತು.

1995ರ ಹೊತ್ತಿಗೆ ಜಿಪಿಎಸ್ ಪೂರ್ತಿ ಸಜ್ಜಾಯಿತು. 1997ರ ಸೆಪ್ಟೆಂಬರ್ 30ರಂದು ಒಮೆಗಾ ನಿಂತಿತು. ನಮ್ಮ ದೇಶದಲ್ಲೂ ಎರಡು ಲೋರಾನ್-ಸಿ ಸರಪಳಿಗಳಿದ್ದವು. ಪಶ್ಚಿಮದಲ್ಲಿ ಧ್ರಾಂಗಧ್ರಾ, ವೆರಾವಳ್, ಬಿಲಿಮೋರಾ. ಪೂರ್ವದಲ್ಲಿ ಬಾಲಸೋರ್, ಡೈಮಂಡ್ ಹಾರ್ಬರ್, ಪಟಪುರ್. ಅಮೆರಿಕ ತನ್ನ ಲೋರಾನನ್ನು 2010ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಅದು ಅವಸರದ ನಿರ್ಧಾರ ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಜಿಪಿಎಸ್ ಉಪಗ್ರಹ 20,200 ಕಿಲೋಮೀಟರ್ ಮೇಲಿದೆ. ಅದರ ಸಿಗ್ನಲ್ ನಮ್ಮನ್ನು ತಲುಪುವಾಗ ಪಿಸುಮಾತಿಗಿಂತ ಸಣ್ಣದು. ಕೈಯಲ್ಲಿ ಹಿಡಿಯುವ ಜಾಮರ್ ಸಾಕು ಅದನ್ನು ಮುಚ್ಚಿಹಾಕಲು. ಲೋರಾನ್ ಕೇಂದ್ರ ನೆಲದ ಮೇಲಿಂದ ನೂರಾರು ಕಿಲೋವಾಟ್‌ನಲ್ಲಿ ಕೂಗುತ್ತದೆ. ಅದನ್ನು ಅಡಗಿಸಲು ಅಷ್ಟೇ ದೊಡ್ಡ ಗೋಪುರ ಬೇಕು. 2017ರಲ್ಲಿ ಕಪ್ಪು ಸಮುದ್ರದ ಹಡಗುಗಳಿಗೆ ತಾವು ವಿಮಾನ ನಿಲ್ದಾಣದಲ್ಲಿ ನಿಂತಿದ್ದೇವೆ ಎಂದು ಜಿಪಿಎಸ್ ತೋರಿಸಿತು. ಉತ್ತರ ಕೊರಿಯಾದ ಜಾಮಿಂಗ್ ಅನುಭವಿಸಿದ ದಕ್ಷಿಣ ಕೊರಿಯಾ ಸುಧಾರಿಸಿದ ಇ-ಲೋರಾನ್ ಕಟ್ಟಲು ಹೊರಟಿತು.

ಯುರೋಪಿನ ಕೇಂದ್ರಗಳು 2015ರ ಕೊನೆಗೆ ಬಾಗಿಲು ಹಾಕಿದವು. ಬ್ರಿಟನ್ನಿನ ಆಂಥೋರ್ನ್ ಕೇಂದ್ರ ಮಾತ್ರ ಅದಾದ ಮೇಲೂ ಮಿಡಿಯುತ್ತ ಉಳಿಯಿತು. ಒಂದೇ ಕೇಂದ್ರದಿಂದ ಗಡಿಯಾರಕ್ಕೆ ನಿಖರ ಸಮಯ ಸಿಗಬಹುದು, ಅಷ್ಟೇ. ಹಡಗಿಗೆ ಗೆರೆ ಸಿಗಬೇಕೆಂದರೆ ಇನ್ನೊಂದು ತುದಿಯಲ್ಲೂ ಯಾರಾದರೂ ಗರ್ನಾಲು ಹೊಡೆಯಬೇಕು.